ನಲವತ್ತೇಳರ ಲೈಸೆನ್ಸು

ಇದನ್ನು ಬರೆಯಬೇಕೆಂದು ಕೂತು, ಎದ್ದು ಹೋದದ್ದು ಎಷ್ಟು ಸಲವೋ. ಒಮ್ಮೆ ಕನ್ನಡಕ ಸರಿಯಿಲ್ಲ ಅಂದುಕೊಂಡೆ. ಒಮ್ಮೆ ಹೆಂಡತಿ ತೀರಿಕೊಂಡ ದುಃಖ ಅಂದುಕೊಂಡೆ. ಆಮೇಲೆ ಕೈ ನಡುಗುತ್ತದೆ ಅಂದುಕೊಂಡೆ. ಕನ್ನಡಕ ಬದಲಾಯಿತು, ದುಃಖವೂ ಹಳೆಯದಾಯಿತು. ಕೈ ಈಗಲೂ ನಡುಗುತ್ತದೆ, ಆದರೆ ಅದೇ ಕೈಯಿಂದ ದಿನಾ ಪೇಪರಿನ ಪದಬಂಧ ತುಂಬುತ್ತೇನೆ. ಹಾಗಾಗಿ ಅದೂ ಒಂದು ನೆವವೇ.

ಹೋದ ತಿಂಗಳು ನಮ್ಮ ಹಳೆಯ ಧಣಿಯ ಮಗ ಫೋನು ಮಾಡಿದ. ನಾನು ಇಪ್ಪತ್ತಾರು ವರ್ಷ ಮ್ಯಾನೇಜರನಾಗಿ ಕೂತಿದ್ದ ಲಾರಿ ಆಫೀಸನ್ನು ಈಗ ಅವನೇ ನಡೆಸುತ್ತಾನೆ. "ಕಾಕಾ, ಒಂದ್ಸಲ ಬಂದು ಹೋಗ್ರಿ. ಡ್ರೈವರ್ ಸಿಗವಲ್ರು. ನಿಮಗ ಹಳೇ ಮಂದಿ ಗೊತ್ತು" ಅಂದ. ಹೊಸಪೇಟೆ ಮುಗಿದು ಸಂಡೂರಿನ ರಸ್ತೆ ಏರಲು ಶುರುವಾಗುವಲ್ಲಿ ನಮ್ಮ ಆಫೀಸು. ಆಟೋ ಇಳಿದಾಗ ಆಗಷ್ಟೇ ಒಂದು ಮಳೆ ಬಂದು ಹೋಗಿತ್ತು. ಅದಿರಿನ ಧೂಳು ನೆನೆದರೆ ಒಂದು ವಾಸನೆ ಬರುತ್ತದೆ. ಕಾದ ಹಂಚಿನ ಮೇಲೆ ನೀರು ಚಿಮುಕಿಸಿದ ಹಾಗೆ, ಬಾಯಲ್ಲಿ ಕಬ್ಬಿಣದ ರುಚಿ ಬಂದ ಹಾಗೆ. ಅಂಗಳದಲ್ಲಿ ಒಂಬತ್ತು ಲಾರಿ ಸಾಲಾಗಿ ನಿಂತಿದ್ದವು. ಕಡೆಯ ಎರಡರ ಗಾಲಿಯ ಅರ್ಧದವರೆಗೆ ಹುಲ್ಲು ಬೆಳೆದಿತ್ತು.

"ನೋಡ್ರಿ ಕಾಕಾ, ಲಾರಿ ಅದಾವ, ಲೋಡ್ ಐತಿ, ಹೊಡಿಯೋರಿಲ್ಲ. ಈಗಿನ ಹುಡುಗ್ರು ಮೊಪೆಡ್ ಮ್ಯಾಲ ಊಟ ಹಂಚಾಕ ಹೋಗ್ತೀನಿ ಅಂತಾರ, ಲಾರಿ ಒಲ್ಲೆ ಅಂತಾರ."

"ಇದ್ದೋರು ಹೆಂಗ ನಿಂತಾರ?" ಅಂದೆ.

ಅವನು ನಕ್ಕು ಮೇಜಿನ ಡ್ರಾಯರ್ ಎಳೆದ. ರಬ್ಬರ್ ಬ್ಯಾಂಡ್ ಹಾಕಿದ ಲೈಸೆನ್ಸ್ ಕಾರ್ಡುಗಳ ಒಂದು ಕಟ್ಟು. "ನೀವು ಹಾಕಿಕೊಟ್ಟ ದಾರಿನಾ ಕಾಕಾ. ಅಸಲು ನಮ್ಮ ಕೈಯಾಗ ಇದ್ರ ಆಳು ನಮ್ಮ ಕೈಯಾಗ."

ಚಹಾ ತರಿಸಿದ. ಲೋಟ ಪಕ್ಕಕ್ಕೆ ಸರಿಸಿ ಎದ್ದೆ.

ಆ ದಾರಿಯನ್ನು ನಾನು ಹಾಕಿದ್ದಲ್ಲ, ನನಗಿಂತ ಮುಂಚಿನಿಂದಲೂ ಇತ್ತು. ಆದರೆ ಅದನ್ನು ಗಟ್ಟಿ ಮಾಡಿದವನು ನಾನೇ. ಅದು ಕೋರ್ಟಿನ ತಡೆ ಬಂದು ಗಣಿಗಳೆಲ್ಲ ನಿಂತು, ಮತ್ತೆ ಒಂದೊಂದಾಗಿ ತೆರೆದ ವರ್ಷದ ಮುಂಗಾರು. ನಿಂತಿದ್ದ ದಿನಗಳಲ್ಲಿ ನಮ್ಮ ಡ್ರೈವರುಗಳು ದಿಕ್ಕಾಪಾಲಾಗಿದ್ದರು. ಕೆಲವರು ಮಂಗಳೂರಿನ ಕಡೆ ಟ್ಯಾಂಕರಿಗೆ ಹೋದರು, ಕೆಲವರು ಕಂಪ್ಲಿಯ ಗದ್ದೆಗಳಿಗೆ ಟ್ರ್ಯಾಕ್ಟರ್ ಹೊಡೆಯಲು ಹೋದರು. ಯಶವಂತನಗರದ ಕಡೆಯಿಂದ ಅದಿರು ಇಳಿಯಲು ಶುರುವಾದಾಗ ಧಣಿಯ ಹತ್ತಿರ ಲಾರಿ ಇದ್ದವು, ಡ್ರೈವರುಗಳಿರಲಿಲ್ಲ. ಒಬ್ಬರ ಡ್ರೈವರನ್ನು ಇನ್ನೊಬ್ಬರು ಚಹಾದಂಗಡಿಯಲ್ಲೇ ಸೆಳೆದುಕೊಳ್ಳುವ ಕಾಲ. ಅದಕ್ಕೇ ಕೆಲಸಕ್ಕೆ ಬಂದವನಿಂದ ಮೊದಲು ಲೈಸೆನ್ಸು ಇಸಿದುಕೊಳ್ಳುತ್ತಿದ್ದೆವು. ಜೆರಾಕ್ಸು ಅವನ ಜೇಬಿನಲ್ಲಿ, ಅಸಲು ನನ್ನ ಡ್ರಾಯರಿನಲ್ಲಿ, ಡ್ರಾಯರಿನ ಕೀಲಿ ನನ್ನ ಅಂಗಿಯ ಒಳಜೇಬಿನಲ್ಲಿ.

ನಮ್ಮಲ್ಲಿ ಡ್ರೈವರನ್ನು ಹೆಸರು ಹಿಡಿದು ಕರೆಯುವ ರೂಢಿಯಿರಲಿಲ್ಲ. ಲಾರಿಯ ನಂಬರಿನ ಕಡೆಯ ಎರಡಂಕಿಯೇ ಅವನ ಹೆಸರು. "ಮೂವತ್ತೊಂದು ಉಣ್ಣಾಕ ಹೋಗ್ಯಾನೇನು?" "ಹನ್ನೆರಡಕ್ಕ ಜ್ವರ ಬಂದೈತ್ರಿ." ಹೊಸಬರು ಕೇಳಿದರೆ ನಗುತ್ತಿದ್ದರು, ವಾರದಲ್ಲಿ ಅವರಿಗೂ ರೂಢಿಯಾಗುತ್ತಿತ್ತು. ನಲವತ್ತೇಳು ಅಂದರೆ ಗಾದಿಗನೂರಿನವನು, ಮೂವತ್ತೈದು ದಾಟಿದವನು, ಸಣ್ಣ ಆಳು. ಸೀಟಿನ ಹಿಂದೆ ಒಂದು ದಿಂಬು ಇಟ್ಟುಕೊಂಡು ಕೂರುತ್ತಿದ್ದ. ಅವನ ಲಾರಿಗೆ ಒಂದು ಗೀರು ಬಿದ್ದದ್ದನ್ನು ನಾನು ಕಾಣೆ. ಮಳೆಗಾಲದಲ್ಲಿ ಸಂಡೂರಿನ ಇಳಿಜಾರಿನಲ್ಲಿ ಕೆಂಪು ಕೆಸರು ಗಾಜಿನ ಹಾಗೆ ಜಾರುತ್ತದೆ. ಉಳಿದವರು ಅಲ್ಲಿ ದೇವರ ಹೆಸರು ಹೇಳುತ್ತಿದ್ದರು, ಅವನು ಗೇರು ಬದಲಿಸಿ ಸುಮ್ಮನೆ ಇಳಿಯುತ್ತಿದ್ದ.

ಸಂಬಳ ಟ್ರಿಪ್ಪಿನ ಮೇಲೆ. ಗಾಲಿ ಉರುಳಿದರೆ ಕೂಲಿ. ತೂಕದ ಕಾಟಾದ ಮುಂದೆ ಸಾಲುಗಟ್ಟಿ ಪಾಳಿ ನಿಂತರೆ, ಅರ್ಧ ದಿನವಾಗಲಿ ಒಂದು ದಿನವಾಗಲಿ, ಅದು ಲೆಕ್ಕಕ್ಕಿಲ್ಲ. ಆ ಮಳೆಗಾಲದಲ್ಲಿ ಪಾಳಿ ಮೈಲಿಗಟ್ಟಲೆ ಇರುತ್ತಿತ್ತು. ಲಾರಿಯ ಕೆಳಗೆ ಗೋಣಿ ಹಾಸಿ ಉಣ್ಣುತ್ತಿದ್ದರು, ಅಲ್ಲೇ ಒರಗುತ್ತಿದ್ದರು. ಕಾಲುವೆಯಲ್ಲಿ ಮೈ ತೊಳೆದರೆ ನೀರು ಕೆಂಪಗೆ ಹರಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಲೋಡು ರೈಲ್ವೆ ಸೈಡಿಂಗ್ ಮುಟ್ಟದಿದ್ದರೆ ದಂಡ ಮಾತ್ರ ಅವರ ತಲೆಗೆ. ಒಮ್ಮೆ ನಲವತ್ತೇಳು ಕಿಟಕಿಯಲ್ಲಿ ಬಗ್ಗಿ ಕೇಳಿದ: "ಮ್ಯಾನೇಜರ್ರ, ರೇಶನ್ ಅಂಗಡಿ ಪಾಳ್ಯಾಗ ನಿಂತ್ರ ಅಕ್ಕಿಯಾದ್ರೂ ಸಿಗ್ತೈತಿ. ಇಲ್ಲಿ ನಿಂತ್ರ ಏನ್ ಸಿಗ್ತೈತ್ರಿ?"

"ಧೂಳು ಸಿಗ್ತೈತಿ, ಬೇಕಾದಷ್ಟು ಒಯ್ಯಿ" ಅಂದೆ. ಅವನೂ ನಕ್ಕ. ಆಗ ಅದು ನನಗೆ ಒಳ್ಳೆಯ ಮಾತು ಅನ್ನಿಸಿತ್ತು.

ಶ್ರಾವಣದ ಒಂದು ಸೋಮವಾರ ಅವನು ಒಂದು ಪತ್ರ ತಂದ. ಸರ್ಕಾರಿ ಬಸ್ಸಿನ ಚಾಲಕರ ಹುದ್ದೆಗೆ ಅರ್ಜಿ ಹಾಕಿದ್ದನಂತೆ, ಕರೆ ಬಂದಿತ್ತು. ಹತ್ತನೇ ತರಗತಿಯನ್ನು ಅವನು ಲಾರಿ ಹೊಡೆಯುತ್ತಲೇ ಕಟ್ಟಿ ಪಾಸು ಮಾಡಿಕೊಂಡವನು. ಸರ್ಕಾರದ ಕನ್ನಡ ಬಿಗಿ, ಸರಿಯಾಗಿ ಓದಿ ಹೇಳ್ರಿ ಅಂದ. ನಾನು ಓದಿದೆ. ಗುರುವಾರ, ಹುಬ್ಬಳ್ಳಿ, ಮಧ್ಯಾಹ್ನ ಎರಡರೊಳಗೆ ಹಾಜರಿರಬೇಕು. ಅಸಲು ದಾಖಲೆಗಳಿಲ್ಲದೆ ಬಂದವರನ್ನು ಪರೀಕ್ಷೆಗೆ ಬಿಡುವುದಿಲ್ಲ. ನಾನೇ ಕೆಂಪು ಪೆನ್ನು ತೆಗೆದು 'ಅಸಲು ಚಾಲನಾ ಪರವಾನಗಿ' ಎಂಬಲ್ಲಿ ಗೆರೆ ಹೊಡೆದು ಕೊಟ್ಟೆ.

"ಇದಾ ಕಡೀ ಸಲ ನೋಡ್ರಿ. ಮುಂದಿನ ಸಲ ಕರಿಯೋಷ್ಟೊತ್ತಿಗೆ ನನ್ನ ವಯಸ್ಸು ದಾಟಿರ್ತೈತಿ" ಅಂದ.

ಹೊರಗೆ ಕೂತಿದ್ದ ಮೂವತ್ತೊಂದು ಸುಮ್ಮನಿರಲಿಲ್ಲ. "ಲೇ ನಲವತ್ತೇಳು, ನಾಳೆ ನಿನ್ನ ಬಸ್ಸಿಗೆ ಕೈ ಮಾಡಿದ್ರ ನಿಲ್ಲಿಸ್ತಿಯೋ ಇಲ್ಲೋ?"

"ಸ್ಟಾಪ್ ಇದ್ದಲ್ಲಿ ನಿಂತ್ಕೊ, ನಿಲ್ಲಿಸ್ತೀನಿ. ಟಿಕೆಟ್ ಮಾತ್ರ ತಗೀಬೇಕು."

"ಈಗ್ಲೇ ಸೊಕ್ಕು ನೋಡ್ರಪಾ."

ಬಸ್ಸಿನ ಕೆಲಸವೇ ಯಾಕೆ ಎಂದು ನಾನೂ ಕೇಳಿದೆ. ಸಂಬಳ ಅನ್ನುತ್ತಾನೆ, ಪೆನ್ಶನ್ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ಸ್ವಲ್ಪ ನಾಚಿಕೊಂಡು, "ಡ್ಯೂಟಿ ಮುಗಿದ್ರ ಮನೀಗೆ ಹೋಗಬೌದಲ್ರಿ. ಮತ್ತ ಹಿಂದ ಕುಂತ ಮಂದಿ ಮಾತಾಡ್ತಿರ್ತಾರ. ಅದಿರು ಮಾತಾಡಂಗಿಲ್ರಿ" ಅಂದ.

ಹೋಗುವಾಗ ಲೈಸೆನ್ಸು ಕೇಳಿದ. ಅದು ನಾನು ಕೂತ ಕುರ್ಚಿಯಿಂದ ಒಂದು ಮೊಳ ದೂರದಲ್ಲಿತ್ತು.

"ಇನ್ಶೂರೆನ್ಸ್ ಕೆಲ್ಸಕ್ಕ ಎಲ್ಲಾರ ಲೈಸೆನ್ಸೂ ಬಳ್ಳಾರಿಗೆ ಧಣಿ ಕಡೆ ಹೋಗ್ಯಾವು. ನಾಳೆ ಬರ್ತಾವ" ಅಂದೆ.

ಮುಂಚೆ ಯೋಚನೆ ಮಾಡಿ ಹೇಳಿದ ಮಾತಲ್ಲ ಅದು. ಬಾಯಿಂದ ತಾನಾಗಿ ಬಂತು. ಆ ಬೆಳಿಗ್ಗೆಯಷ್ಟೇ ಧಣಿ ಫೋನಿನಲ್ಲಿ, ಇನ್ನೊಬ್ಬ ಡ್ರೈವರ್ ಬಿಟ್ಟು ಹೋದರೆ ನೀನೂ ಅವನ ಹಿಂದೆಯೇ ಹೋಗು ಎಂದು ಬೈದಿದ್ದ. ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದದ್ದು ಇದನ್ನೇ: ಧಣಿಯ ಒತ್ತಡ, ನಾನೂ ಸಂಬಳಕ್ಕಿದ್ದವನು. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಾನೂ ಎಸ್ಸೆಸ್ಸೆಲ್ಸಿ ಮುಗಿಸಿ, ಕಂಡಕ್ಟರ್ ಹುದ್ದೆಗೆ ಎರಡು ಸಲ ಅರ್ಜಿ ಹಾಕಿದವನು. ನನಗೆ ಅಂಥ ಪತ್ರ ಬರಲಿಲ್ಲ. ನನ್ನ ಕಿಟಕಿಯಲ್ಲಿ ಬಗ್ಗಿ ಡೀಸೆಲ್ ಚೀಟಿ ಇಸಿದುಕೊಳ್ಳುವವನು ನಾಳೆ ಖಾಕಿ ಹಾಕಿಕೊಂಡು ಸರ್ಕಾರದ ಬಸ್ಸು ಓಡಿಸುತ್ತಾನೆ, ನಾನು ಅದರಲ್ಲಿ ಟಿಕೆಟು ತೆಗೆಸಿ ಕೂರಬೇಕು. ಆ ಕೆಂಪು ಗೆರೆ ಹೊಡೆಯುವಾಗಲೇ ಇದು ಮನಸ್ಸಿನಲ್ಲಿ ಬಂದಿತ್ತು. ಈಗ ಬರೆದೆ. ಬರೆದ ಮೇಲೆ ಎಷ್ಟು ಸಣ್ಣದಾಗಿ ಕಾಣುತ್ತದೆ.

ಮಂಗಳವಾರ ಬಂದ. ಧಣಿ ಊರಲ್ಲಿಲ್ಲ ಅಂದೆ. "ನಾನಾ ಬಳ್ಳಾರಿಗೆ ಹೋಗಿ ಇಸ್ಕೊಂಡ್ ಬರ್ಲೇನ್ರಿ?" ಅಂದ.

"ಹುಚ್ಚ ಅದಿಯೇನು? ಧಣಿ ಮನಿ ಬಾಗ್ಲಿಗೆ ಹೋಗಿ ನಿಂದ್ರತಿಯಾ? ಬರ್ತೈತಿ ಅಂದ್ನೆಲ್ಲ."

ಬುಧವಾರ ಯಶವಂತನಗರಕ್ಕೆ ಒಂದು ಟ್ರಿಪ್ ಕಳಿಸಿದೆ. ನೀನು ತಿರುಗಿ ಬರುವಷ್ಟರಲ್ಲಿ ಕಾರ್ಡು ಬಂದಿರುತ್ತದೆ ಅಂದೆ. ಆವತ್ತು ಪಾಳಿ ಉದ್ದವಿದೆ ಎಂದು ನನಗೆ ಗೊತ್ತಿತ್ತು. ಅವನು ಹೋದ ಮೇಲೆ ಡ್ರಾಯರ್ ತೆಗೆದು ಅವನ ಕಾರ್ಡನ್ನು ಕಟ್ಟಿನ ನಡುವಿನಿಂದ ಹೊರಗೆ ತೆಗೆದೆ. ಕೊಟ್ಟುಬಿಡೋಣ ಎಂದೇ ತೆಗೆದದ್ದು. ಫೋಟೋದಲ್ಲಿ ಅವನ ಕೂದಲು ನೀಟಾಗಿ ಬಾಚಿತ್ತು. ಸ್ವಲ್ಪ ಹೊತ್ತು ನೋಡಿ, ಕಟ್ಟಿನ ಮೇಲಿಟ್ಟು, ಕೀಲಿ ಹಾಕಿದೆ.

ಗುರುವಾರ ನಾನು ಆಫೀಸಿಗೆ ಬರುವ ಮುಂಚೆಯೇ ಅವನು ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಾಲಿಗೆ ಯಾರದೋ ಬೂಟು, ಹಿಮ್ಮಡಿಯಲ್ಲಿ ಸಡಿಲ. ತೊಡೆಯ ಮೇಲೆ ಫೈಲು, ಪಕ್ಕದಲ್ಲಿ ಬುತ್ತಿಯ ಚೀಲ. ಹುಬ್ಬಳ್ಳಿಗೆ ಮೂರೂವರೆ ತಾಸು. ಹತ್ತರ ಬಸ್ಸು ಹಿಡಿಯದಿದ್ದರೆ ಹೋಗಿಯೂ ಪ್ರಯೋಜನವಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು.

"ಬಂತೇನ್ರಿ?"

"ದಾರ್‍ಯಾಗ ಐತಂತ. ಕುಂದ್ರು."

ಜಿಟಿಜಿಟಿ ಮಳೆ. ಲಾರಿಗಳು ಎದ್ದು ಹೋದವು. ಹೋಗುವವರೆಲ್ಲ ಅವನಿಗೆ ಹಾರ್ನ್ ಹೊಡೆದು ಹೋದರು, ಹರಸಿದ ಹಾಗೆ. ರಸ್ತೆಯಲ್ಲಿ ಒಂದೊಂದು ಮೋಟಾರು ಸೈಕಲ್ ಬಂದಾಗಲೂ ಅವನು ಅರ್ಧ ಏಳುತ್ತಿದ್ದ. ನಾನು ಒಳಗೆ ರಿಜಿಸ್ಟರಿನಲ್ಲಿ ತಲೆ ತಗ್ಗಿಸಿ, ಬರೆದದ್ದನ್ನೇ ತಿದ್ದಿ ಬರೆಯುತ್ತಿದ್ದೆ. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಎದ್ದು ಕೊಡಲು ಇನ್ನೂ ಹೊತ್ತಿತ್ತು. ಬಸ್ ಸ್ಟ್ಯಾಂಡಿಗೆ ಆಟೋದಲ್ಲಿ ಕಾಲು ಗಂಟೆ. ಒಂಬತ್ತು ಮುಕ್ಕಾಲಾದಾಗ ನನಗೆ ಅನ್ನಿಸಿದ್ದು ಇಷ್ಟೇ: ಇನ್ನು ಸ್ವಲ್ಪ ಹೊತ್ತು ಕಳೆದರೆ ಮುಗಿಯಿತು. ದುಃಖ ಆಗಲಿಲ್ಲ. ನಿರಾಳ ಆಗುತ್ತಿತ್ತು.

ಹತ್ತೂವರೆಗೆ ಅವನು ಎದ್ದ. ತನ್ನ ಲಾರಿಯ ಹಿಂದೆ ಹೋಗಿ ಬಿಳಿ ಅಂಗಿ ಬಿಚ್ಚಿ, ಮಡಿಚಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟ. ಧೂಳಿನ ಅಂಗಿ ಹಾಕಿಕೊಂಡು, ಬೂಟು ಬಿಟ್ಟು, ಚಪ್ಪಲಿಯಲ್ಲಿ, ಕಿಟಕಿಗೆ ಬರದೆ ನೇರ ಒಳಗೆ ನನ್ನ ಮೇಜಿನ ಮುಂದೆ ಬಂದು ನಿಂತ.

"ಇವತ್ತಿನ ಟ್ರಿಪ್ ಯಾವ ಗಣಿಗ್ರಿ?"

ಅವನು ಬೈದಿದ್ದರೆ ನನಗೆ ಸಿದ್ಧ ಮಾತಿತ್ತು. ಈ ಮಾತಿಗೆ ನನ್ನ ಕೈ ತಾನೇ ಕೆಲಸಕ್ಕೆ ಬಿತ್ತು. ಡೀಸೆಲ್ ಚೀಟಿಯ ಪುಸ್ತಕ ಅದೇ ಡ್ರಾಯರಿನಲ್ಲಿ ಇರುತ್ತಿತ್ತು. ದಿನಾ ಹತ್ತು ಸಲ ತೆಗೆಯುವ ಡ್ರಾಯರು. ಕೀಲಿ ತಿರುವಿ ಎಳೆದೆ. ಕಟ್ಟಿನ ಮೇಲೆ, ನಾನೇ ಹಿಂದಿನ ದಿನ ತೆಗೆದಿಟ್ಟ ಹಾಗೆ, ಅವನ ಮುಖ.

ಇಬ್ಬರೂ ನೋಡಿದೆವು. ಆಗಲಾದರೂ ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು.

"ಈಗಷ್ಟ ಬಂತಪಾ, ಬಳ್ಳಾರಿಂದ" ಅಂದೆ.

"ಹೌದ್ರಿ? ತಂದೋರ್ನ ನಾ ನೋಡ್ಲಿಲ್ಲ" ಅಂದ. "ಮುಂಜಾನಿಂದ ಬಾಗ್ಲ ಮುಂದನಾ ಕುಂತಿದ್ನಿ."

ನಾನು ಕಾರ್ಡು ತೆಗೆದು ಅವನ ಕಡೆ ಚಾಚಿದೆ. ಅವನು ಕೈ ಮುಂದೆ ಮಾಡಲಿಲ್ಲ. "ಅಲ್ಲೇ ಇರ್ಲಿ ಬಿಡ್ರಿ. ಭದ್ರ ಇಟ್ಟೀರಿ. ಚೀಟಿ ಕೊಡ್ರಿ, ಪಾಳಿ ಉದ್ದ ಆಗ್ತೈತಿ."

ಚೀಟಿ ಹರಿದು ಕೊಟ್ಟೆ. ಅವತ್ತಿನ ಟ್ರಿಪ್ ಅವನು ಸರಿಯಾದ ಹೊತ್ತಿಗೆ ಮುಟ್ಟಿಸಿದ.

ಮಳೆಗಾಲ ಮುಗಿಯುವವರೆಗೆ ಅವನು ನಮ್ಮಲ್ಲೇ ಹೊಡೆದ. ನನ್ನ ಜೊತೆ ಮಾತು ಬಿಡಲಿಲ್ಲ, ಆದರೆ ಕಿಟಕಿಯಲ್ಲಿ ಬಗ್ಗಿ ತಮಾಷೆ ಮಾಡುವುದು ನಿಂತಿತು. ಮೂವತ್ತೊಂದು ಒಮ್ಮೆ ಕೇಳಿದ, "ಏನಾತಲೇ ನಿನ್ನ ಬಸ್ಸು?" ಅವನು ಟಾಯರ್ ಬಡಿದು ನೋಡುತ್ತಾ, "ತಪ್ತು" ಅಂದ, ಅಷ್ಟೇ. ಮೂವತ್ತೊಂದು ನನ್ನ ಮುಖ ನೋಡಿದ. ನಾನು ಪೆನ್ನಿನ ಟೊಪ್ಪಿಗೆ ಹುಡುಕಿದೆ. ದೀಪಾವಳಿಯ ಮುಂದೆ ನಲವತ್ತೇಳು ಲಾರಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದ, ತಿರುಗಿ ಬರಲಿಲ್ಲ. ಲೈಸೆನ್ಸು ಕೇಳಲಿಲ್ಲ. ಧಣಿ ಆವತ್ತು ಹೇಳಿದ್ದು: "ಅಸಲು ನಮ್ಮ ಕಡೆ ಐತಲ್ಲ, ಎಲ್ಲಿಗೆ ಹೋಗ್ತಾನ? ಬರ್ತಾನ." ಬರಲಿಲ್ಲ. ನಾನು ಕೆಲಸ ಬಿಡುವಾಗ ಡ್ರಾಯರ್ ಖಾಲಿ ಮಾಡಿ ಉಳಿದವರ ಕಾರ್ಡುಗಳನ್ನು ಹೊಸ ಮ್ಯಾನೇಜರನಿಗೆ ಒಪ್ಪಿಸಿದೆ. ಅವನದನ್ನು ಮಾತ್ರ ಮನೆಗೆ ತಂದು ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಇಟ್ಟೆ. ಮುಟ್ಟಿಸುತ್ತೇನೆ ಎಂದು. ಗಾದಿಗನೂರು ಹೊಸಪೇಟೆಯಿಂದ ಎಷ್ಟು ದೂರ? ಬಸ್ಸಿನಲ್ಲಿ ಒಂದು ನಿದ್ದೆಯೂ ಆಗುವುದಿಲ್ಲ.

ಆ ಅಂಗಳದಲ್ಲಿ ಹುಲ್ಲು ಬೆಳೆದ ಲಾರಿ ನೋಡಿ ಬಂದ ಮೂರನೆಯ ದಿನ ಗಾದಿಗನೂರಿಗೆ ಹೋದೆ. ಧಣಿಯ ಮಗನಿಗೆ ಡ್ರೈವರ್ ಹುಡುಕಲು ಅಲ್ಲ, ಕಾರ್ಡು ಜೇಬಿನಲ್ಲಿ ಇಟ್ಟುಕೊಂಡು ಹೋದೆ. ಊರ ಬಾಗಿಲಲ್ಲಿ ಅಂಗಡಿಯವನನ್ನು ಕೇಳಬೇಕು, ಏನೆಂದು ಕೇಳಲಿ? ನಲವತ್ತೇಳು ಅಂದರೆ ಅಲ್ಲಿ ಯಾರಿಗೆ ಗೊತ್ತು? ಕಾರ್ಡು ತೆಗೆದು, ಕನ್ನಡಕ ಹಾಕಿಕೊಂಡು, ಓದಿ ಹೇಳಿದೆ. ನನ್ನ ಬಾಯಿಂದ ಅವನ ಹೆಸರು ಬಂದದ್ದು ಅದೇ ಮೊದಲು.

ಮನೆಯಲ್ಲಿ ಅವನ ಹೆಂಡತಿ ಇದ್ದಳು. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಹಳೆಯ ಲಾರಿ ಆಫೀಸಿನವನು ಅಂದೆ. ಎದ್ದು ಸೆರಗು ಸರಿಮಾಡಿಕೊಂಡು ಚಾಪೆ ಹಾಸಿದಳು.

"ಕುಂದ್ರಿ ಯಪ್ಪಾ. ನಮ್ಮನಿಯವ್ರು ಕಂಪ್ಲಿಗೆ ಹೋಗ್ಯಾರ, ಭತ್ತದ ಚೀಲ ಹೊಡಿಯಾಕ. ಟ್ರ್ಯಾಕ್ಟರ್ ಯಾರ್ದೋ, ದಿನದ ಕೂಲಿ. ಸಂಜಿಗೆ ಬರ್ತಾರ. ಈಗ ನಡ ಭಾಳ ನೋಯ್ತೈತ್ರಿ ಅವ್ರಿಗೆ, ದೊಡ್ಡ ಗಾಡಿ ಆಗಂಗಿಲ್ಲ."

ನೀರು ಕೊಟ್ಟಳು. ತಾನೇ ಮಾತು ಮುಂದುವರಿಸಿದಳು. "ಆವಾಗ ಬಸ್ಸಿಂದು ಸಿಕ್ಕಿದ್ರ ನಮ್ಮ ಬಾಳೇ ಬ್ಯಾರೆ ಇರ್ತಿತ್ತು. ನಿಮಗ ಗೊತ್ತಿರಬೇಕಲ್ರಿ, ನಿಮ್ಮಲ್ಲೇ ಇದ್ರು. ಟೆಸ್ಟಿಗೆ ಹೋಗೋ ದಿನಾನಾ ಲೈಸೆನ್ಸ್ ಕಳಕೊಂಡ್ ಕುಂತ್ರು."

"ಕಳಕೊಂಡ್ರಾ?" ಅಂದೆ.

"ಎಲ್ಲೋ ಪಾಳ್ಯಾಗ ಬಿತ್ತಂತ. ಮುಂದ ಬ್ಯಾರೆ ಮಾಡಿಸಿಕೊಂಡ್ರು, ಆದ್ರ ಬಸ್ಸಿನ ವಯಸ್ಸು ಹೋತು. ನಾ ಬೈದದ್ದು ಒಂದಾ ಎರಡಾ? ನಮ್ಮಣ್ಣ ಬೂಟು ಕೊಟ್ಟಿದ್ದ, ಅವ್ನೂ ಬೈದ. ಈಗ್ಲೂ ಮನಿಯಾಗ ಏನರ ಕಳೀತು ಅಂದ್ರ ಮಕ್ಳು ಅಂತಾವ, ಅಪ್ಪನ ಲೈಸೆನ್ಸ್ ಆತು ಬಿಡು ಅಂತ." ನಕ್ಕಳು. "ಅವ್ರು ಒಂದ್ ಮಾತೂ ತಿರುಗಿ ಆಡಂಗಿಲ್ರಿ. ತಪ್ಪು ತಮ್ದ ಐತಲ್ಲ."

ಕಾರ್ಡು ನನ್ನ ಎದೆಯ ಮೇಲಿನ ಜೇಬಿನಲ್ಲಿತ್ತು. ತೆಗೆದು ಅವಳ ಮೆಣಸಿನಕಾಯಿಯ ಮೊರದಲ್ಲಿ ಇಟ್ಟಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ನಾನು ನೀರಿನ ತಂಬಿಗೆ ಕೆಳಗಿಟ್ಟೆ.

"ಸಂಜಿತನಾ ಇರ್ರಿ. ನಿಮ್ಮನ್ನ ನೋಡಿದ್ರ ಅವ್ರಿಗೂ ಖುಷಿ ಆಗ್ತೈತಿ. ಯಾರು ಬಂದಿದ್ರು ಅಂತ ಹೇಳ್ಲಿ?"

"ಮ್ಯಾನೇಜರ್ ಬಂದಿದ್ದ ಅನ್ರಿ" ಅಂದೆ. ನಾಲ್ಕರ ಬಸ್ಸಿಗೆ ಹೊರಟುಬಿಟ್ಟೆ. ರಸ್ತೆಯ ಬದಿ ನಿಂತು ಕೈ ಮಾಡಿದಾಗ ಬಸ್ಸು ನಿಂತಿತು. ಡ್ರೈವರನ ಬೆನ್ನ ಹಿಂದಿನ ಸೀಟು ಖಾಲಿ ಇತ್ತು. ನಾನು ಹೋಗಿ ಕಡೆಯ ಸಾಲಿನಲ್ಲಿ ಕೂತೆ.

ಮೊದಲ ಸಲ ಅವನ ನೌಕರಿಯನ್ನು ಕಸಿದೆ. ಈ ಸಲ, ಎಲ್ಲ ಗೊತ್ತಾದ ಮೇಲೆ, ಅವನ ಮನೆಯಲ್ಲೇ ಅವನ ಚಾಪೆಯ ಮೇಲೆ ಕೂತು, ಅವನನ್ನು ತಪ್ಪಿತಸ್ಥನಾಗಿಯೇ ಬಿಟ್ಟು ಬಂದೆ. ಎರಡರಲ್ಲಿ ಯಾವುದು ದೊಡ್ಡದು ಎಂದು ತೂಗುತ್ತಾ ಎಷ್ಟೋ ದಿನ ಕೂತಿದ್ದೆ. ಅದೂ ಹೊತ್ತು ತಳ್ಳುವ ಒಂದು ಉಪಾಯ ಎಂದು ಗೊತ್ತಾಗಿ ಇದನ್ನು ಬರೆಯಲು ಕೂತೆ.

ಆ ಲೈಸೆನ್ಸು ಯಾವ ಪಾಳಿಯಲ್ಲೂ ಬಿದ್ದಿರಲಿಲ್ಲ. ಅದು ನನ್ನ ಡ್ರಾಯರಿನಲ್ಲಿತ್ತು, ಕೀಲಿ ನನ್ನ ಜೇಬಿನಲ್ಲಿತ್ತು, ಅವನು ಬಾಗಿಲ ಮುಂದೆ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದ. ಅವನ ಮಕ್ಕಳಿಗೆ ಓದು ಬರುತ್ತದೆ, ಅವರು ಓದಲೆಂದೇ ಇದನ್ನು ಬರೆದೆ. ಈಗ ಆ ಕಾರ್ಡು ಈ ಕಾಗದದ ಪಕ್ಕದಲ್ಲೇ ಇದೆ. ಪ್ಲಾಸ್ಟಿಕ್ಕಿನ ಅಂಚು ಹಳದಿಯಾಗಿದೆ, ಬಾಚಿದ ಕೂದಲು ಹಾಗೇ ಇದೆ. ನಾನು ನಲವತ್ತೇಳು ಎಂದು ಕರೆದ, ಇನ್ನೂ ಕ್ಷಮೆ ಕೇಳದಿರುವ ಆ ಮನುಷ್ಯನ ಹೆಸರು ಹುಲುಗಪ್ಪ. ತಂದೆಯ ಹೆಸರು ಯಂಕಪ್ಪ. ಊರು ಗಾದಿಗನೂರು.